ಮಧ್ಯದಲ್ಲಿ ನಿಂತ ಗೆರೆ

ನಮ್ಮ ಕಾರಿನಲ್ಲಿ, ಸ್ಟಿಯರಿಂಗಿನ ಹಿಂದೆ, ಒಂದು ಹಳದಿ ದೀಪ ಹತ್ತಿಕೊಂಡಿತು. ಅದು ಎಂಜಿನ್ನಿನ ಆಕಾರದಲ್ಲಿದೆ ಎನ್ನುವುದು ಕಾರು ಮಾಡಿದವರ ವಾದ. ನನ್ನ ಕಣ್ಣಿಗೆ ಅದು ಅಡ್ಡಬಿದ್ದ ಕಾಫಿ ಫಿಲ್ಟರಿನಂತೆಯೇ ಕಂಡಿತು. ನೀವೂ ಕಾರು ಇಟ್ಟವರಾಗಿದ್ದರೆ ಈ ದೀಪದ ಸ್ವಭಾವ ಬಲ್ಲಿರಿ. ಪೆಟ್ರೋಲು ಮುಗಿಯುತ್ತಿದೆ, ಬಾಗಿಲು ತೆರೆದಿದೆ ಎಂದು ಬಾಯಿಬಿಟ್ಟು ಹೇಳುವ ಉಳಿದ ದೀಪಗಳ ಜಾತಿಯದಲ್ಲ ಇದು. ಏನೋ ಸರಿಯಿಲ್ಲ ಎಂದಷ್ಟೇ ತಿಳಿಸಿ, ಏನು ಎಂದು ಕೇಳಿದರೆ ಮುಖ ತಿರುಗಿಸಿಕೊಂಡು ಕೂರುವ ಮುನಿಸಿನ ದೀಪ. ಮದುವೆಯಾಗಿ ಸಂಸಾರ ಮಾಡಿದ ಯಾರಿಗೂ ಇದರ ಪರಿಚಯ ಹೊಸದಲ್ಲ.

ಅದು ಹತ್ತಿಕೊಂಡದ್ದು ಮದರಾಸಿನ ಎಗ್ಮೋರ್ ಸೇತುವೆಯ ಮೇಲೆ, ಇವರನ್ನು ಡಾಕ್ಟರ ಬಳಿಗೆ ಕರೆದೊಯ್ಯುವಾಗ. ಇವರು ಎಂದರೆ ನನ್ನ ಯಜಮಾನರು. ಗಂಡನ ಹೆಸರು ಹಿಡಿದು ಮಾತಾಡುವ ಅಭ್ಯಾಸ ನನ್ನ ಕಾಲದವರಿಗಿಲ್ಲವಾದ್ದರಿಂದ ನೀವೂ ಹಾಗೆಯೇ ತಿಳಿದುಕೊಳ್ಳಬೇಕು. ಈ ಕಾರು ಅವರದು. ಅವರ ಜೀವ ಎಂದರೂ ಸರಿಯೇ. ಡಿಕ್ಕಿಯೊಳಗೆ ಒಂದು ಸ್ಪ್ಯಾನರು ಕದಲಿ ಕಿರುಗುಟ್ಟಿದರೆ ಮೌಂಟ್ ರೋಡಿನ ನಡುವೆಯೇ ಗಾಡಿ ನಿಲ್ಲಿಸಿ, ಹಿಂದಿನ ಬಸ್ಸಿನವನು ಕೊಟ್ಟ ಹಾರನ್ನಿಗೆ ಪ್ರತಿಯಾಗಿ ಅವನ ವಂಶವನ್ನೆಲ್ಲ ವಿಚಾರಿಸಿಕೊಂಡು, ಸದ್ದು ಎಲ್ಲಿಂದ ಬಂತೆಂದು ಪತ್ತೆಮಾಡಿದ ಮೇಲೆಯೇ ಮುಂದಕ್ಕೆ ಹೊರಡುತ್ತಿದ್ದ ಮನುಷ್ಯ, ಅಂದು ಪಕ್ಕದ ಸೀಟಿನಲ್ಲಿ ಕುಳಿತು ಆ ಹಳದಿ ದೀಪವನ್ನು ನೇರವಾಗಿ ನೋಡಿದರು. ನೋಡಿ, ಸುಮ್ಮನೆ ಕಿಟಕಿಯ ಕಡೆಗೆ ತಿರುಗಿದರು. ನನಗೆ ಆಗ ಸಮಾಧಾನವೇ ಆಯಿತು.

ನಾನು ವಿಮಾ ಕಂಪನಿಯೊಂದರ ಮೋಟಾರು ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜಜ್ಜಿಹೋದ ಬಾನೆಟ್ಟು, ಪ್ರವಾಹದಲ್ಲಿ ಮುಳುಗಿ ಎದ್ದ ಎಂಜಿನ್ನು, ಲಾರಿಯ ಕೆಳಗೆ ಚಪ್ಪಟೆಯಾದ ಬಂಪರು, ಇವೆಲ್ಲ ನನ್ನ ಮೇಜಿನ ಮೇಲೆ ಹಾದುಹೋದವು. ಕಾರುಗಳ ಅಪಮೃತ್ಯುವಿನ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು. ಬದುಕಿರುವ ಕಾರು ಹೇಗೆ ಉಸಿರಾಡುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಈ ವಯಸ್ಸಿನಲ್ಲಿ ತಿಳಿದುಕೊಂಡರೆ ತಪ್ಪೇನು ಎಂದು ಪುದುಪೇಟೆಯ ಅಂಗಡಿಯೊಂದರಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಸ್ಕ್ಯಾನರ್ ಕೊಂಡುತಂದೆ. ಸ್ಟಿಯರಿಂಗಿನ ಕೆಳಗಿರುವ ಗೂಡಿಗೆ ಅದನ್ನು ಸಿಕ್ಕಿಸಿದರೆ, ಗಾಡಿಯ ಮಿದುಳು ಒಳಗೊಳಗೇ ಆಡಿಕೊಳ್ಳುವ ಮಾತುಗಳೆಲ್ಲ ನಮ್ಮ ಫೋನಿನ ಮೇಲೆ ಮೂಡುತ್ತವೆ. ದೋಷ ಆಕ್ಸಿಜನ್ ಸೆನ್ಸಾರಿನದು ಎಂದು ಅದು ಹೇಳಿತು. ಆ ಸೆನ್ಸಾರಿನ ರೇಖೆಯನ್ನು ತೆರೆದು ನೋಡಿದೆ.

ರೇಖೆ ನೆಟ್ಟಗಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಸರಿಯಾಗಿ ನಡುಮಧ್ಯದಲ್ಲಿ, ಸರಿಸುಮಾರು ಅರ್ಧ ವೋಲ್ಟಿನ ಬಳಿ, ಅಳತೆಗೋಲಿಟ್ಟು ಎಳೆದಂತೆ ಹೋಗುತ್ತಿತ್ತು. ಆಕ್ಸಿಲರೇಟರು ಒತ್ತಿದೆ, ಅಲುಗಲಿಲ್ಲ. ಬಿಟ್ಟೆ, ಆಗಲೂ ಇಲ್ಲ. ನೋಡಿ, ನನ್ನಂಥ ಮನೆತನದಲ್ಲಿ ಹುಟ್ಟಿದವಳಿಗೆ ಆಗ ಏನು ಅನ್ನಿಸಿರಬಹುದು? ತಿರುವಲ್ಲಿಕೇಣಿಯ ಓಣಿಯೊಂದರಲ್ಲಿ ಮೂರು ತಲೆಮಾರಿನಿಂದ ನೆಲೆಸಿ, ಏಕಾದಶಿಗೆ ನೀರೂ ಮುಟ್ಟದೆ, ದುಃಖದಲ್ಲಿ ಕುಗ್ಗಬಾರದು ಸುಖದಲ್ಲಿ ಹಿಗ್ಗಬಾರದು ಎಂದು ಎದೆಹಾಲಿನ ಜೊತೆಗೇ ಕುಡಿಸಲ್ಪಟ್ಟವರು ನಾವು. ಚಿತ್ತ ಸಮವಾಗಿರುವುದೇ ಆರೋಗ್ಯವೆಂಬುದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಆಹಾ, ಈ ಸೆನ್ಸಾರು ಸ್ಥಿತಪ್ರಜ್ಞನಲ್ಲವೇ, ಇದಕ್ಕೇನು ರೋಗ, ಸ್ಕ್ಯಾನರೇ ಕೆಟ್ಟಿರಬೇಕು ಎಂದುಕೊಂಡು ಫೋನನ್ನು ಮುಚ್ಚಿ, ಹಬೆಯಾಡುತ್ತಿದ್ದ ಕಾಫಿ ಕುಡಿದೆ.

ದೀಪ ಮಾತ್ರ ಆರಲಿಲ್ಲ. ರಾಯಪೇಟೆಯಲ್ಲಿ ನಮ್ಮ ಗಾಡಿಯನ್ನು ನೋಡಿಕೊಳ್ಳುವ ಮೆಕ್ಯಾನಿಕ್ಕಿಗೆ ಆ ನೆಟ್ಟಗಿನ ಗೆರೆ ತೋರಿಸಿದೆ. ಅವನು ಇನ್ನೊಂದು ಗಾಡಿಯ ಕೆಳಗಿನಿಂದ ಅರ್ಧ ತಲೆ ಹೊರಹಾಕಿ, "ಸೆತ್ತುಪೋಚ್ಚು ಮೇಡಂ" ಎಂದ. ಸತ್ತುಹೋಗಿದೆ. ಏಕೆ, ಹೇಗೆ ಎಂದರೆ ಅವನಿಗೂ ಗೊತ್ತಿಲ್ಲ. ಹೊಸದು ಹಾಕಿದರೆ ದೀಪ ಆರುತ್ತದೆ, ಅಷ್ಟೇ ಅವನ ಶಾಸ್ತ್ರ. ಕಾರಣ ಕೇಳದೆ ಕ್ಲೇಮು ಒಪ್ಪುವ ಅಭ್ಯಾಸ ನನಗಿಲ್ಲ. ಮನೆಗೆ ಬಂದು, ಇವರನ್ನು ಊಟಕ್ಕೆ ಕೂರಿಸಿ, ಓದತೊಡಗಿದೆ. ಓದಿದಷ್ಟೂ ಕಾರಿನ ವಿಷಯ ತಿಳಿಯಾಗುತ್ತ ಹೋಯಿತು. ಎದೆ ಮಾತ್ರ ಭಾರವಾಗುತ್ತ ಬಂತು.

ಸ್ನೇಹಿತರೆ, ಈ ಸೆನ್ಸಾರು ಎಂಬ ಪ್ರಾಣಿಯ ಬಾಳು ಹೇಗಿದೆ ಕೇಳಿ. ಹೊಗೆ ಹೊರಬರುವ ಕೊಳವೆಯ ಬಾಯಲ್ಲಿ ಅದರ ವಾಸ. ಅದು ಪೆಟ್ರೋಲನ್ನು ಕಂಡಿಲ್ಲ, ಬೆಂಕಿಯನ್ನೂ ಕಂಡಿಲ್ಲ. ಉರಿಯೆಲ್ಲ ಮುಗಿದು ಹೊರಬಿದ್ದ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದೊಂದೇ ಅದಕ್ಕೆ ತಿಳಿಯುವ ಸಂಗತಿ. ಹೆಚ್ಚು ಉಳಿದಿದ್ದರೆ ಒಳಗೆ ಪೆಟ್ರೋಲು ಸಾಲದೆ ಹೋಗಿದೆ ಎಂದು ಅರ್ಥ, ರೇಖೆ ಕೆಳಕ್ಕಿಳಿಯುತ್ತದೆ. ಕಡಿಮೆ ಉಳಿದಿದ್ದರೆ ಪೆಟ್ರೋಲು ಅತಿಯಾಯಿತು, ರೇಖೆ ಮೇಲೇರುತ್ತದೆ. ಸಾಲದು ಎಂದಾಗ ಗಾಡಿಯ ಮಿದುಳು ಪೆಟ್ರೋಲನ್ನು ಏರಿಸುತ್ತದೆ, ಅತಿಯಾಯಿತು ಎಂದಾಗ ಇಳಿಸುತ್ತದೆ, ಏರಿಸಿದ್ದು ಅತಿಯಾಗಿ ಮತ್ತೆ ದೂರು, ಇಳಿಸಿದ್ದು ಸಾಲದಾಗಿ ಮತ್ತೆ ದೂರು. ಎಂಜಿನ್ನು ಬಿಸಿಯಾಗಿರುವಷ್ಟು ಕಾಲವೂ ಇವೆರಡರ ನಡುವೆ ಈ ತಕರಾರು ನಡೆದೇ ಇರುತ್ತದೆ, ಆ ರೇಖೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವೇ ಆರೋಗ್ಯ.

ನೆಟ್ಟಗಿನ ಗೆರೆಯ ಗುಟ್ಟು ಇದಕ್ಕಿಂತ ಕ್ರೂರವಾದದ್ದು. ನಡುಮಧ್ಯದ ಆ ಅರ್ಧ ವೋಲ್ಟು ಸೆನ್ಸಾರಿನದೇ ಅಲ್ಲ. ಸೆನ್ಸಾರು ಮಾತಾಡುವುದಕ್ಕೆ ಮೊದಲು ತಂತಿ ಬರಿದಾಗಿರಬಾರದೆಂದು ಮಿದುಳು ತಾನೇ ಅಷ್ಟು ವೋಲ್ಟನ್ನು ಅದರ ಮೇಲೆ ಇಟ್ಟಿರುತ್ತದೆ. ಸೆನ್ಸಾರು ಬದುಕಿದ್ದರೆ ಅದನ್ನು ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ಸತ್ತಿದ್ದರೆ, ಮಿದುಳು ತಾನು ಇಟ್ಟದ್ದನ್ನು ತಾನೇ ಓದಿಕೊಂಡು ಕೂತಿರುತ್ತದೆ. ಇದನ್ನು ಓದಿ ಮುಗಿಸಿದಾಗ ಇವರು ಎದುರಿಗೆ ಕೂತು ಅನ್ನ ಕಲಸುತ್ತಿದ್ದರು. "ಸಾರು ಸಾಕಾ ನಿಮಗೆ?" ಎಂದೆ. "ಹೂಂ" ಎಂದರು. "ಮಜ್ಜಿಗೆ ಹಾಕ್ಲಾ?" "ಹೂಂ." ಆ ಹೂಂ ಅವರದಲ್ಲ, ನನ್ನದು ಎಂದು ನನಗೆ ಆ ಕ್ಷಣ ತಿಳಿದುಹೋಯಿತು. ನಾನು ಇಟ್ಟದ್ದನ್ನೇ ನಾನು ಓದಿಕೊಳ್ಳುತ್ತಿದ್ದೆ.

ಇವರ ಸಿಟ್ಟನ್ನು ನೀವು ನೋಡಬೇಕಿತ್ತು. ಪ್ಯಾರೀಸ್ ಕಾರ್ನರಿನ ಬ್ಯಾಂಕೊಂದರಲ್ಲಿ ಇವರು ಮ್ಯಾನೇಜರಾಗಿದ್ದಾಗ, ಇವರು ಬೆಳಗ್ಗೆ ಒಳಬರುವ ಹೆಜ್ಜೆಯ ಸದ್ದು ಕೇಳಿಯೇ ಅಂದಿನ ಹವಾಮಾನವನ್ನು ಗುಮಾಸ್ತರು ಹೇಳುತ್ತಿದ್ದರಂತೆ. ಮನೆಯಲ್ಲಿ ಡಿಕಾಕ್ಷನ್ ನೀರಾದರೆ ಒಂದು ಅಬ್ಬರ, ಪೇಪರನ್ನು ಇವರಿಗಿಂತ ಮೊದಲು ಯಾರಾದರೂ ಬಿಡಿಸಿದರೆ ಇನ್ನೊಂದು. ನಾನು ಕಾರು ಓಡಿಸಿದರಂತೂ, "ರುಕ್ಕೂ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಬರ್ತೀಯಲ್ಲೇ, ಅದೇನು ಫುಟ್‌ಬೋರ್ಡಾ?" ಎಂದು ಶುರುವಾದರೆ ಮನೆಯ ಗೇಟಿನವರೆಗೂ ಮುಗಿಯುತ್ತಿರಲಿಲ್ಲ. ಆದರೆ ಇಳಿತವೂ ಅಷ್ಟೇ ಬೇಗ. ಸ್ವಲ್ಪ ಹೊತ್ತಿಗೆಲ್ಲ ತಾವಾಗಿಯೇ ಈಳಿಗೆಮಣೆ ಎಳೆದುಕೊಂಡು ಹುರುಳಿಕಾಯಿ ಹೆಚ್ಚಲು ಕೂರುತ್ತಿದ್ದರು. ಕ್ಷಮಿಸು ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಕಾಯಿಯನ್ನು ಹೆಚ್ಚುವುದರಲ್ಲಿ ಬರುತ್ತಿತ್ತು. ಸಿಟ್ಟು ದೊಡ್ಡದಾದಷ್ಟೂ ಚೂರು ಸಣ್ಣದು. ಪಲ್ಯ ನೋಡಿಯೇ ಅಂದಿನ ಜಗಳದ ಪ್ರಮಾಣವನ್ನು ಹೇಳಬಹುದಿತ್ತು.

ನಾನೋ, ಎದುರಾಡಿದವಳಲ್ಲ. ಭೂಮಿತೂಕದ ಹೆಂಗಸು ಎಂದು ಬಳಗವೆಲ್ಲ ನನ್ನನ್ನು ಹೊಗಳಿದೆ, ಹೊಗಳಿಕೆಯನ್ನು ನಾನೂ ಬೇಡವೆಂದಿಲ್ಲ. ಕಾರಿನಲ್ಲಿ ಎರಡನೆಯ ಸೆನ್ಸಾರೊಂದಿದೆ ಎಂದು ಓದಿದಾಗ ನನಗೆ ಒಳಗೊಳಗೇ ನಗು ಬಂತು. ಅದು ಇನ್ನೂ ಕೆಳಗೆ, ಹೊಗೆಯನ್ನು ಶುದ್ಧಮಾಡುವ ಡಬ್ಬಿಯ ಆಚೆಗಿರುತ್ತದೆ. ಮೊದಲನೆಯದು ಎಷ್ಟು ಕುಣಿದರೂ ಇದು ಕುಣಿಯಬಾರದು. ಇದು ನೆಟ್ಟಗಿದ್ದರೆ, ನಡುವಿನ ಡಬ್ಬಿ ಎಲ್ಲವನ್ನೂ ನುಂಗಿಕೊಂಡು ಕೆಲಸ ಮಾಡುತ್ತಿದೆ ಎಂದು ಲೆಕ್ಕ. ಅಂತೂ ನಮ್ಮಂಥವರಿಗೂ ಎಂಜಿನ್ನಿನಲ್ಲಿ ಒಂದು ಸ್ಥಾನವಿದೆಯಲ್ಲ ಎಂದುಕೊಂಡೆ.

ಇವರಿಗೆ ಮರೆವು ಶುರುವಾದದ್ದು ನಮಗೆ ತಿಳಿದೇ ಇತ್ತು. ಬೀಗದ ಕೈ, ಮಾತ್ರೆ, ಸೋದರಳಿಯನ ಹೆಸರು, ಹೀಗೆ ಒಂದೊಂದಾಗಿ ಜಾರಿದವು. ಮರೆವಿನ ಜೊತೆಗೆ ಸಿಟ್ಟೂ ಜಾರಿದ್ದನ್ನು ಮಾತ್ರ ನಾವು ಲಾಭದ ಬಾಬ್ತಿಗೆ ಬರೆದುಕೊಂಡೆವು. ಮಾಂಬಲದಲ್ಲಿರುವ ನಾದಿನಿ ಬಂದವಳು ಬೆರಗಾಗಿ, "ಅಣ್ಣ ಎಷ್ಟು ಸಾಧು ಆಗ್ಬಿಟ್ಟ ನೋಡು ಮನ್ನಿ! ಸತ್ತಂ ಇಲ್ಲ, ಸಂಡೈ ಇಲ್ಲ, ಮನೆ ಎಷ್ಟು ಅಮೈದಿಯಾಗಿದೆ. ಇನ್ನೇನು ಬೇಕು ನಿನಗೆ?" ಎಂದಳು. ಅತ್ತಿಗೆಗೆ ಮನ್ನಿ ಎನ್ನುವುದು, ಸದ್ದು ಜಗಳ ಶಾಂತಿಗಳನ್ನೆಲ್ಲ ತಮಿಳಿನಿಂದ ಕಡ ತಂದು ಕನ್ನಡದ ದಾರಕ್ಕೆ ಪೋಣಿಸುವುದು ನಮ್ಮ ಮದರಾಸಿನ ಮನೆಮಾತು. ನಾನೂ ಹೌದೆಂದೆ. ಆ ಶಾಂತಿ ಕೆಡದಿರಲಿ ಎಂದು ಟೀವಿಯ ಸದ್ದು ಇಳಿಸಿದೆವು, ಬಂದುಹೋಗುವವರನ್ನು ಕಡಿಮೆ ಮಾಡಿದೆವು, ಪೇಪರು ನಿಲ್ಲಿಸಿದೆವು, ಹುರುಳಿಕಾಯನ್ನು ನಾನೇ ಹೆಚ್ಚಿಟ್ಟುಕೊಂಡೆ. ಒಂದು ಸಿಲಿಂಡರು ಉರಿಯದೆ ಹೋದರೆ ಅದರ ಗಾಳಿ ಹಾಗೇ ಹೊರಬಂದು, ಸೆನ್ಸಾರು ಪೆಟ್ರೋಲು ಸಾಲದೆಂದು ದೂರಿ, ಮಿದುಳು ಇನ್ನಷ್ಟು ಸುರಿದು, ಕೊನೆಗೆ ಎಂಜಿನ್ನೇ ಉಸಿರುಗಟ್ಟುತ್ತದಂತೆ. ಯಾರ ತಪ್ಪೂ ಇಲ್ಲ, ಎಲ್ಲರೂ ತಿಳಿದಷ್ಟು ನಿಷ್ಠೆಯಿಂದ ಮಾಡಿದವರೇ. ನಾವೂ ಮೌನವನ್ನು ನೆಮ್ಮದಿಯೆಂದು ಓದಿ, ಇನ್ನಷ್ಟು ಮೌನ ಸುರಿದೆವು.

ಸೆನ್ಸಾರು ನಿಜವಾಗಿ ಸತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಎಂಜಿನ್ನು ಓಡುತ್ತಿರುವಾಗ ಗಾಳಿಯ ಸಣ್ಣ ಕೊಳವೆಯೊಂದನ್ನು ಬೇಕೆಂದೇ ಕಿತ್ತುಬಿಡುತ್ತಾರೆ. ಒಳಗೆ ಗಾಳಿ ನುಗ್ಗುತ್ತದೆ, ಹದ ಕೆಡುತ್ತದೆ. ಜೀವವಿದ್ದ ಸೆನ್ಸಾರು ತಟ್ಟನೆ ಕೆಳಕ್ಕೆ ಬೀಳಬೇಕು, ಅಂದರೆ ಕಿರುಚಬೇಕು. ಕಿರುಚದಿದ್ದರೆ ಆಸೆ ಬಿಡಬೇಕು. ಇದನ್ನು ಓದಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಕಾರಿನ ಮಾತು ಹಾಗಿರಲಿ. ಒಳಗೆ ಇವರು ಇನ್ನೂ ಇದ್ದಾರೋ ಇಲ್ಲವೋ, ನನಗೆ ಅದೊಂದು ತಿಳಿಯಬೇಕಿತ್ತು.

ದ್ವಾದಶಿ ಬಂತು. ಹಿಂದಿನ ದಿನದ ಉಪವಾಸ ಮುರಿಯುವ ಊಟಕ್ಕೆ ನಮ್ಮಲ್ಲಿ ಅಗಸೆ ಮರದ ಸೊಪ್ಪಿನ ಪಲ್ಯ ಇರಲೇಬೇಕು. ತಮಿಳಿನವರು ಅಗತ್ತಿ ಎಂದು ಹಸುವಿಗೆ ತಿನ್ನಿಸುವ ಅದೇ ಕಹಿ ಸೊಪ್ಪು. ಮದುವೆಯಾದಾಗಿನಿಂದ ಒಂದು ದ್ವಾದಶಿಯೂ ಇವರು ಅದನ್ನು ಸುಮ್ಮನೆ ತಿಂದದ್ದಿಲ್ಲ. "ನನಗೇನು ಕೊಂಬು ಮೂಡಿದೆಯಾ? ಹಸುವಿನ ಮುಂದೆ ಇಡು ಇದನ್ನ" ಎಂದು ದೇವರಮನೆಗೆ ಕೇಳುವಂತೆಯೇ ಕೂಗುತ್ತಿದ್ದರು. ನೈವೇದ್ಯದ ಪಲ್ಯಕ್ಕೆ ನಾನು ಉಪ್ಪು ಹಾಕಿದೆ, ದೇವರನ್ನು ಪರೀಕ್ಷಿಸುವಷ್ಟು ಧೈರ್ಯ ನನಗಿಲ್ಲ. ಇವರ ಪಾಲಿನದನ್ನು ಬೇರೆ ಬಾಣಲೆಯಲ್ಲಿ, ಉಪ್ಪಿಲ್ಲದೆ, ಬೆಲ್ಲವಿಲ್ಲದೆ, ಕಾಯಿತುರಿಯೂ ಇಲ್ಲದೆ ಮಾಡಿ ಎಲೆಯ ತುಂಬ ಬಡಿಸಿದೆ. ಬಡಿಸಿ ಎದುರಿಗೆ ನಿಂತೆ. ಬೈಯಿರಿ, ಎಲೆ ಎತ್ತಿ ಎಸೆಯಿರಿ, ನನ್ನ ತವರಿನವರನ್ನೆಲ್ಲ ಹೆಸರು ಹಿಡಿದು ಎಳೆಯಿರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಒಂದೊಂದೇ ತುತ್ತಾಗಿ ತಿಂದರು. "ಇನ್ನೂ ಹಾಕ್ಲಾ?" ಎಂದೆ. "ಹಾಕು" ಎಂದರು. ಹಾಕಿದೆ. ಅದನ್ನೂ ತಿಂದು ಎಲೆಯನ್ನು ಬೆರಳಿನಿಂದ ಒರೆಸಿದರು. ನಾನು ಅಡುಗೆಮನೆಗೆ ಹೋಗಿ, ಬಾಣಲೆಯಲ್ಲಿ ಉಳಿದದ್ದನ್ನು ಬಾಯಿಗಿಟ್ಟುಕೊಂಡು, ಆ ಸಪ್ಪೆ ಕಹಿಯನ್ನು ನುಂಗಲಾರದೆ ಸಿಂಕಿನ ಮುಂದೆ ನಿಂತು ಅತ್ತೆ.

ಆ ವಾರವೇ ಕಾರಿಗೆ ಹೊಸ ಸೆನ್ಸಾರು ಬಿತ್ತು. ಮೆಕ್ಯಾನಿಕ್ಕು ಹಳೆಯದನ್ನು ಬಿಚ್ಚಿ, ಮಸಿ ಹಿಡಿದ ಅದರ ಮೂತಿಯನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟ, ಬೇಡವೆಂದು ಹಿಂದಿರುಗಿಸಿದೆ. ಎಂಜಿನ್ನು ಬಿಸಿಯಾಗುತ್ತಲೇ ಫೋನಿನ ಮೇಲೆ ಗೆರೆ ಎದ್ದಿತು, ಬಿತ್ತು, ಎದ್ದಿತು. ಹಳದಿ ದೀಪ ಆರಿತು. "ಸರಿಯಾಯ್ಡುಚ್ಚು" ಎಂದು ಅವನು ಕೈ ತೊಳೆಯಲು ಹೋದ. ಸರಿಹೋಗಿತ್ತು, ನಿಜ. ಎಂಜಿನ್ನು ನಿಲ್ಲಿಸದೆ ಅಲ್ಲಿಯೇ ಕುಳಿತು ಆ ಏರಿಳಿತವನ್ನು ನೋಡುತ್ತಿದ್ದೆ. ನನಗೆ ಸಂತೋಷವಾಗಲಿಲ್ಲ. ಒಂದು ಕಬ್ಬಿಣದ ತುಂಡಿನ ಮೇಲೆ ಹೊಟ್ಟೆಕಿಚ್ಚಾಯಿತು. ಬಿಚ್ಚಿ ಬೇರೆ ಹಾಕಲು ಬರುವ ಭಾಗ ಮನುಷ್ಯನಲ್ಲಿ ಎಲ್ಲಿದೆ? ತಲೆಯ ಸ್ಕ್ಯಾನು ನೋಡಿದ ಡಾಕ್ಟರು ನಯವಾಗಿಯೇ ಹೇಳಿದ್ದರು, ಹೋದದ್ದು ಬರುವುದಿಲ್ಲ, ಇರುವುದನ್ನು ನೋಡಿಕೊಳ್ಳಿ ಎಂದು. ಇರುವುದು ಯಾವುದು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ಆಸೆ ಇನ್ನೂ ಉಳಿದಿತ್ತು. ಉಪ್ಪು ಹೋಗಲಿ, ಸೊಪ್ಪು ಹೋಗಲಿ, ಕಾರು ಹೋಗಲಾರದು ಎಂಬ ಆಸೆ. ಭಾನುವಾರ ಬೆಳಗ್ಗೆ, ರಸ್ತೆಗಳು ಖಾಲಿಯಿರುವ ಹೊತ್ತು, ಇವರಿಗೆ ಇಸ್ತ್ರಿ ಮಾಡಿದ ಶರಟು ತೊಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು ಬೀಚ್ ರಸ್ತೆ ಹಿಡಿದು ಪ್ಯಾರೀಸ್ ಕಾರ್ನರಿನ ಕಡೆಗೆ ಹೊರಟೆ. ಬ್ಯಾಂಕಿಗೆ ಇವರು ದಿನವೂ ಹೋಗುತ್ತಿದ್ದ ದಾರಿ. ಸಮುದ್ರದ ಕಡೆಯಿಂದ ಉಪ್ಪುಗಾಳಿ ಬೀಸುತ್ತಿತ್ತು. ಕ್ಲಚ್ಚಿನ ಮೇಲೆ ಕಾಲನ್ನು ಇಟ್ಟೇ ಓಡಿಸಿದೆ. ಮೂರನೆಯ ಗೇರಿನಲ್ಲಿ ಇರಬೇಕಾದಲ್ಲಿ ಒಂದನೆಯದರಲ್ಲಿ ಗೋಳಾಡಿಸಿದೆ. ಬಂದರಿನ ಗೋಡೆಯ ಪಕ್ಕ ಹಾಯುವಾಗ ಬೇಕೆಂದೇ ಕ್ಲಚ್ಚು ಒತ್ತದೆ ಗೇರು ಎಳೆದೆ. ಕರಕರನೆ ಹಲ್ಲು ಕಡಿದ ಸದ್ದಿಗೆ ರಸ್ತೆಬದಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಇವರು ನೋಡಲಿಲ್ಲ. ಇನ್ನೊಮ್ಮೆ ಎಳೆದೆ. ಅವರ ಹಳೆಯ ಬ್ಯಾಂಕಿನ ಬಾಗಿಲಿಗೇ ಬಂದಿದ್ದೆವು. ಅಲ್ಲಿ ಗಾಡಿ ಕೆಮ್ಮಿ, ಕುಲುಕಿ, ನಿಂತುಹೋಯಿತು.

ಆಗ ಅವರು ನನ್ನ ಕಡೆಗೆ ತಿರುಗಿದರು. ಮುಖದಲ್ಲಿ ಏನೋ ಕದಲಿತು. ಬಂತು, ಈಗ ಬಂತು ಬೈಗುಳ ಎಂದು ಕಾದೆ.

"ನಲ್ಲಾ ಓಟ್ರೀಂಗಮ್ಮಾ" ಎಂದರು, ಬಹಳ ಮರ್ಯಾದೆಯಿಂದ. ಚೆನ್ನಾಗಿ ಓಡಿಸ್ತೀರಮ್ಮ.

ಇಷ್ಟು ಕಾಲದ ಸಂಸಾರದಲ್ಲಿ ಇವರು ನನ್ನೊಡನೆ ಒಂದಿಡೀ ವಾಕ್ಯವನ್ನು ತಮಿಳಿನಲ್ಲಿ ಆಡಿದವರಲ್ಲ. ಪದಗಳು ಎಷ್ಟೇ ಬೆರೆಯಲಿ, ಬೈಗುಳವೋ ಮುದ್ದೋ, ನನಗೆ ಬರುತ್ತಿದ್ದುದು ಕನ್ನಡವೇ. ತಮಿಳು ಆಟೋದವರಿಗೆ, ತರಕಾರಿಯವರಿಗೆ, ಬ್ಯಾಂಕಿನ ಕೌಂಟರಿನ ಆಚೆ ನಿಂತವರಿಗೆ. ಕಿಟಕಿಯ ಹೊರಗೆ ನೋಡಿದೆ, ಮತ್ತೆ ಇವರನ್ನು ನೋಡಿದೆ. ಕಣ್ಣಲ್ಲಿ ಪರಿಚಯವಿಲ್ಲದವರಿಗೆ ತೋರಿಸುವ ಸೌಜನ್ಯವಿತ್ತು. ನಾನೂ ಅದೇ ಭಾಷೆಯಲ್ಲಿ, "ಎಂಗ ಪೋಗಣುಂ ಸಾರ್?" ಎಂದೆ. ಎಲ್ಲಿಗೆ ಹೋಗಬೇಕು?

ಮನೆಗೇ, ಎಂದರು ತಮಿಳಿನಲ್ಲಿ. ಹೊತ್ತಾಗಿಬಿಟ್ಟಿತು, ಹೆಂಡತಿ ಊಟಕ್ಕೆ ಕಾಯುತ್ತಿರುತ್ತಾಳೆ.

ತಡವಾದರೆ ಬೈಯುತ್ತಾರಾ, ಎಂದು ಕೇಳಿದೆ. ಏಕೆ ಕೇಳಿದೆನೋ ನನಗೆ ಗೊತ್ತಿಲ್ಲ.

ಎಷ್ಟೋ ತಿಂಗಳುಗಳಿಂದ ನಾನು ಕಾಣದಿದ್ದ ಒಂದು ನೆರಳು ಅವರ ಹುಬ್ಬಿನ ನಡುವೆ ಬಂದು ಕೂತಿತು. ಇಲ್ಲಮ್ಮಾ, ಬೈಯುವುದಿಲ್ಲ, ಎಂದರು. ಅವಳು ಏನೂ ಹೇಳುವುದಿಲ್ಲ. ನಾನು ಎಷ್ಟು ಕೂಗಿದರೂ, ಏನೇ ಅಂದರೂ, ಒಂದು ದಿನವೂ ಒಂದು ಮಾತು ತಿರುಗಿ ಹೇಳಿದವಳಲ್ಲ. ಒಳಗೆ ಏನಿದೆಯೋ ಇವತ್ತಿನವರೆಗೂ ನನಗೆ ತಿಳಿದಿಲ್ಲ. ಆಮೇಲೆ ದನಿ ತಗ್ಗಿಸಿ, ಬೇರೆ ಯಾರಿಗೂ ಹೇಳದ್ದನ್ನು ದಾರಿಹೋಕರಿಗೆ ಹೇಳುವವರಂತೆ, "ಅದು ದಾನ್ ಭಯಮಾ ಇರುಕ್ಕು" ಎಂದರು. ಅದೇ ಭಯ.

ನಾನು ಕನ್ನಡದಲ್ಲಿ ಹೇಳಬೇಕಾದದ್ದು ಬಹಳವಿತ್ತು. ಅದನ್ನು ಕೇಳಬೇಕಾದವರು ಪಕ್ಕದಲ್ಲಿರಲಿಲ್ಲ. "ಸರಿ ಸಾರ್" ಎಂದು, ಕ್ಲಚ್ಚನ್ನು ಪೂರ್ತಿ ಒತ್ತಿ, ಸದ್ದಾಗದಂತೆ ಗೇರು ಹಾಕಿ, ಗಾಡಿಯನ್ನು ಮನೆಯ ಕಡೆಗೆ ತಿರುಗಿಸಿದೆ.